ತಾಳಿದವನು ಬಾಳಿಯಾನು

‘ತಾಳಿದವನು ಬಾಳಿಯಾನು’ ಎಂಬ ನಮ್ಮ ಹಿರಿಯರ ನುಡಿ ಎರಡೇ ಪದಗಳಲ್ಲಿ ಮುಗಿದುಹೋಗುವುದಾದರೂ, ಅದರೊಳಗೆ ತಲೆತಲಾಂತರದ ಜೀವನಾನುಭವವು ಸಾಂದ್ರವಾಗಿ ನಿಂತಿದೆ. ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ, ಮಳೆ ತಪ್ಪಿದ ವರ್ಷ ಸಾಹುಕಾರನೆದುರು ಬಾಗಿ ನಿಂತ ಒಕ್ಕಲಿಗೆ ನೆರೆಯವನು, ಪರೀಕ್ಷೆಯಲ್ಲಿ ಎಡವಿದ ಶಿಷ್ಯನಿಗೆ ಗುರು ಈ ಮಾತನ್ನು ಆಡುತ್ತ ಬಂದಿದ್ದಾರೆ. ಬಳಕೆಯಿಂದ ನುಣುಪಾದ ಮಾತುಗಳಿಗೆ ಒಂದು ಅಪಾಯವುಂಟು. ಕೇಳಿದೊಡನೆಯೇ ಅರ್ಥವಾಯಿತೆಂದು ಭಾವಿಸಿ, ಅರ್ಧ ಅರ್ಥವನ್ನೇ ಪೂರ್ಣವೆಂದು ನಾವು ಕೊಂಡೊಯ್ಯುತ್ತೇವೆ. ಹಲ್ಲುಕಚ್ಚಿ ನೋವನ್ನು ನುಂಗಿಕೊಂಡವನೇ ಗೆಲ್ಲುವನು ಎಂದು ಈ ಗಾದೆಯನ್ನು ಗ್ರಹಿಸುವವರೇ ಹೆಚ್ಚು. ಆ ಗ್ರಹಿಕೆ ಎಷ್ಟರಮಟ್ಟಿಗೆ ಸತ್ಯ, ಎಲ್ಲಿಂದ ಮುಂದೆ ಅನರ್ಥ ಎಂಬುದನ್ನು, ಗಾಯಗೊಂಡೂ ಅಂಕಣಕ್ಕೆ ಇಳಿಯುವ ತರುಣ ಆಟಗಾರನ ನಿದರ್ಶನದಿಂದ ಪರಿಶೀಲಿಸುವುದು ಈ ಬರೆಹದ ಉದ್ದೇಶ.

ತುಮಕೂರು ರಸ್ತೆಯಲ್ಲಿ ಮಾದಾವರವನ್ನು ದಾಟಿ ನೆಲಮಂಗಲದ ಕಡೆಗೆ ಸಾಗಿದರೆ ಸಿಗುವ ಮಾಕಳಿಯಂಥ ಊರುಗಳಲ್ಲಿ, ಗ್ರಾಮಜೀವನದ ನೆನಪು ಇನ್ನೂ ಮಾಸದೆ, ನಗರವು ಇನ್ನೂ ಪೂರ್ತಿಯಾಗಿ ನೆಲೆಯೂರದೆ ಇರುವ ಈ ಸಂಧಿಕಾಲದಲ್ಲಿಯೂ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯೆಂದರೆ ಹುಡುಗರ ಮೈ ಪುಲಕಗೊಳ್ಳುತ್ತದೆ. ಹಗಲು ಕಾಲೇಜು, ಸಂಜೆ ಅಭ್ಯಾಸ, ರಾತ್ರಿ ಪಂದ್ಯ. ಅವರ ನಡುವೆ ಮಂಡಿಗೆ ಕ್ರೇಪ್ ಬ್ಯಾಂಡೇಜು ಬಿಗಿದುಕೊಂಡು, ನೋವಿನ ಸ್ಪ್ರೇ ಹೊಡೆಸಿಕೊಂಡು ರೈಡಿಗೆ ಹೊರಡುವವನೊಬ್ಬ ಇದ್ದೇ ಇರುತ್ತಾನೆ. “ಇದೊಂದು ಮ್ಯಾಚು ತಡ್ಕೊಳೋ, ಆಮೇಲೆ ರೆಸ್ಟು” ಎಂದು ನಾಯಕನು ಬೆನ್ನು ತಟ್ಟಿದರೆ, “ಆಯ್ತು ಬಿಡಣ್ಣ, ಏನಾಗಲ್ಲ” ಎಂದು ಆತ ಎದ್ದು ನಿಲ್ಲುತ್ತಾನೆ. ಏಳು ಮಂದಿಯ ತಂಡದಲ್ಲಿ ಆತನೇ ಮುಖ್ಯ ರೈಡರ್. ಮೂವತ್ತು ಸೆಕೆಂಡಿನ ಆ ಒಂದು ಉಸಿರಿನ ಮೇಲೆಯೇ ಎಲ್ಲರ ಆಸೆ ನಿಂತಿದೆ. ಅವನ ಆ ನಿಲುವಿನಲ್ಲಿರುವ ನಿಷ್ಠೆಯನ್ನು ಲಘುವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ.

ಏಕೆಂದರೆ ನೋವನ್ನು ಸಹಿಸುವುದು ನಿಜವಾಗಿಯೂ ದೊಡ್ಡ ಗುಣ. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗುವಾದಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರು ಬ್ಯಾಟಿಂಗ್ ಮಾಡುತ್ತಿದ್ದಾಗ ಮರ್ವಿನ್ ಡಿಲನ್ನರ ಚೆಂಡು ಮುಖಕ್ಕೆ ಬಡಿದು ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗಾಗಿ ಊರಿಗೆ ಮರಳುವುದು ನಿಶ್ಚಯವಾಗಿದ್ದರೂ, ಗಲ್ಲದಿಂದ ನೆತ್ತಿಯವರೆಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಬಂದ ಅವರು ಹದಿನಾಲ್ಕು ಓವರುಗಳನ್ನು ಎಸೆದು, ಕೇವಲ 29 ರನ್ ಕೊಟ್ಟು, ಬ್ರಯಾನ್ ಲಾರಾ ಅವರಂಥ ಮಹಾ ಬ್ಯಾಟುಗಾರನನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಪಂದ್ಯವು ಡ್ರಾ ಆಯಿತು. ಲೆಕ್ಕದ ಪುಸ್ತಕದಲ್ಲಿ ಅದೊಂದು ವಿಕೆಟ್ ಮಾತ್ರ. ಆದರೂ ಬಿಳಿಯ ಪಟ್ಟಿ ಸುತ್ತಿದ ಆ ಮುಖ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದ್ದರೆ, ಸಹನೆಯನ್ನು ಕಣ್ಣಾರೆ ಕಂಡಾಗ ಮನುಷ್ಯನ ಹೃದಯ ತಾನಾಗಿ ಬಾಗುತ್ತದೆಯೆಂಬುದೇ ಅದಕ್ಕೆ ಕಾರಣ.

ಆದರೆ ಈ ಒಂದು ಚಿತ್ರವನ್ನಷ್ಟೇ ನೆನಪಿನಲ್ಲಿಟ್ಟುಕೊಂಡವರು ಅದೇ ಪುರುಷನ ಬಾಳಿನ ಇನ್ನೊಂದು ಅಧ್ಯಾಯವನ್ನು ಮರೆಯುತ್ತಾರೆ. ಆಂಟಿಗುವಾಕ್ಕೆ ಸ್ವಲ್ಪ ಕಾಲ ಮುಂಚೆಯಷ್ಟೇ ಕುಂಬ್ಳೆಯವರ ಭುಜ ಕೆಟ್ಟಿತ್ತು. ಆಗ ಅವರು ಪಟ್ಟಿ ಬಿಗಿದುಕೊಂಡು ಬೌಲಿಂಗಿಗೆ ಇಳಿಯಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಆಟದಿಂದ ದೂರ ಉಳಿದರು. 2001ರಲ್ಲಿ ಆಸ್ಟ್ರೇಲಿಯಾ ತಂಡವು ಬಂದು ಆಡಿದ ಆ ಚರಿತ್ರಾರ್ಹ ಸರಣಿ ಅವರ ಕೈತಪ್ಪಿತು. ಅದರಲ್ಲಿ ಹರ್‌ಭಜನ್ ಸಿಂಗ್ ಎಂಬ ತರುಣನು ಮೂರೇ ಪಂದ್ಯಗಳಲ್ಲಿ 32 ವಿಕೆಟ್ ಕಿತ್ತು ದೇಶದ ಕಣ್ಮಣಿಯಾದುದನ್ನು ಅವರು ಹೊರಗಿನಿಂದಲೇ ನೋಡಬೇಕಾಯಿತು. ತನ್ನ ಸ್ಥಾನದಲ್ಲಿ ಇನ್ನೊಬ್ಬನು ಮೆರೆಯುವುದನ್ನು ಕಾಣುತ್ತ ಸುಮ್ಮನಿರುವ ನೋವು ಮುರಿದ ದವಡೆಯ ನೋವಿಗಿಂತ ಕಡಮೆಯದೇನೂ ಅಲ್ಲ. ಆ ನೋವಿಗೆ ಜನರ ಕರತಾಡನವಿಲ್ಲ, ಛಾಯಾಚಿತ್ರವೂ ಇಲ್ಲ. ಆದರೆ ಕುಂಬ್ಳೆಯವರು ಗಳಿಸಿದ ಒಟ್ಟು 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಶಸ್ತ್ರಚಿಕಿತ್ಸೆಯ ಅನಂತರದವು. ಅಂದು ಕಾದುದರಿಂದಲೇ ಆಂಟಿಗುವಾದಲ್ಲಿ ಎಸೆಯಲು ಅವರಿಗೊಂದು ತೋಳು ಇತ್ತು.

ಗಾದೆಯ ಮೊದಲ ಪದದ ಪೂರ್ಣಾರ್ಥ ಇಲ್ಲಿ ಗೋಚರವಾಗುತ್ತದೆ. ನೋವನ್ನು ಸಹಿಸುವುದು ತಾಳ್ಮೆ. ಕಾಲವು ಪಕ್ವವಾಗುವವರೆಗೆ ಕಾಯುವುದೂ ತಾಳ್ಮೆಯೇ. ಯಾವ ಸಂದರ್ಭ ಇವೆರಡರಲ್ಲಿ ಯಾವುದನ್ನು ಕೇಳುತ್ತಿದೆಯೆಂದು ತಿಳಿಯುವುದೇ ವಿವೇಕ. ದವಡೆಯು ಬೌಲರನ ಕಾಯಕದ ಸಾಧನವಲ್ಲ; ಅಲ್ಲಿ ಸಹನೆ ಸಲ್ಲುತ್ತದೆ. ಭುಜವು ಆತನ ಕಾಯಕದ ಸಾಧನ. ಅಲ್ಲಿ ನಿರೀಕ್ಷೆಯೇ ಧರ್ಮ. ನಮ್ಮ ಒಕ್ಕಲಿಗರು ಇದನ್ನು ಬಲ್ಲರು. ನೊಗ ತಾಗಿ ಹೆಗಲು ಹುಣ್ಣಾದ ಎತ್ತನ್ನು, ಹದ ಆರಿಹೋಗುತ್ತಿದ್ದರೂ, ಆರಂಬದ ದಿನಗಳು ಜಾರುತ್ತಿದ್ದರೂ, ಬಲ್ಲ ರೈತನು ಕೊಟ್ಟಿಗೆಯಲ್ಲಿಯೇ ಉಳಿಸುತ್ತಾನೆ.

ಮಂಡಿಯ ಗಾಯದ ಸ್ವರೂಪವನ್ನು ನೋಡಿದರೆ ಈ ವಿವೇಚನೆಯ ಅಗತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಮೈ ಥಟ್ಟನೆ ತಿರುಗಿದರೆ, ತೊಡೆಯ ಮೂಳೆಯನ್ನೂ ಮಂಡಿಯ ಕೆಳಗಿನ ಕಾಲಿನ ಮೂಳೆಯನ್ನೂ ಒಳಗಿನಿಂದ ಬಿಗಿದಿಟ್ಟಿರುವ ಲಿಗಮೆಂಟ್ ಹರಿಯಬಹುದು. ಕೆಲವು ದಿನಗಳಲ್ಲಿ ಬಾವು ಇಳಿದು, ನಡೆಯಲು ಸಾಧ್ಯವಾಗಿ, ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಸ್ಪ್ರೇಯ ತಣ್ಪು ನೋವನ್ನು ಕ್ಷಣಕಾಲ ಮರೆಸೀತೇ ಹೊರತು ಹರಿದುದನ್ನು ಕೂಡಿಸಲಾರದು. ಹಿಡಿತ ತಪ್ಪಿದ ಆ ಸಂದಿಯ ಮೇಲೆಯೇ ಓಡಿ ತಿರುಗಿದರೆ ಮೂಳೆಗಳ ನಡುವಣ ಮೆತ್ತೆಯೂ ಸವೆದು ಹರಿಯುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೂ ಆಟಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳಾದರೂ ಬೇಕು. ಇಂಥ ಗಾಯದ ಮುಂದೆ ಛಲವನ್ನಷ್ಟೇ ಪ್ರದರ್ಶಿಸುವವನಿಗೆ ನಮ್ಮವರು ಇನ್ನೊಂದು ಗಾದೆಯನ್ನು ಕಾದಿಟ್ಟಿದ್ದಾರೆ: ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದು.

ಇಂಥ ಮಂಡಿಯ ಕಥೆಯೊಂದು ದೂರದ ಅಮೆರಿಕದಲ್ಲಿದೆ. ಅಲ್ಲಿನ ಕಾಲೇಜುಗಳಲ್ಲಿ ಅವರದೇ ಬಗೆಯ ಫುಟ್‌ಬಾಲ್ ಒಂದು ಮಹೋತ್ಸವದಂತೆ ನಡೆಯುತ್ತದೆ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬಾತನು ತಂಡದ ಸೂತ್ರಧಾರ. ಆಕ್ರಮಣದ ಪ್ರತಿಯೊಂದು ನಡೆಯೂ ಅವನ ಕೈಯಿಂದಲೇ ಹೊರಡಬೇಕಾದುದರಿಂದ, ಅವನ ಒಂದು ಕೀಲು ನೊಂದರೆ ಇಡೀ ತಂಡವೇ ಕುಂಟುತ್ತದೆ. ಬೇಲರ್ ವಿಶ್ವವಿದ್ಯಾಲಯದ ರಾಬರ್ಟ್ ಗ್ರಿಫಿನ್ ಎಂಬ ವಿದ್ಯಾರ್ಥಿಯ ಬಲಮಂಡಿಯ ಲಿಗಮೆಂಟ್ 2009ರಲ್ಲಿ ಹರಿದಾಗ, ಆತನು ಆ ಋತುವಿನ ಉಳಿದ ಪಂದ್ಯಗಳನ್ನೆಲ್ಲ ಬಿಟ್ಟು ಕುಳಿತನು. ಮರಳಿ ಬಂದು, 2011ರಲ್ಲಿ ಕಾಲೇಜು ಫುಟ್‌ಬಾಲಿನ ಪರಮ ಗೌರವವಾದ ಹೈಸ್ಮನ್ ಪ್ರಶಸ್ತಿಯನ್ನು ತನ್ನ ವಿಶ್ವವಿದ್ಯಾಲಯಕ್ಕೆ ಮೊತ್ತಮೊದಲು ತಂದನು. ಅದೇ ತರುಣನು ವೃತ್ತಿಪರ ತಂಡವನ್ನು ಸೇರಿದ ಮೊದಲ ವರ್ಷದಲ್ಲಿಯೇ, 2012ರ ಡಿಸೆಂಬರಿನಲ್ಲಿ, ಅದೇ ಮಂಡಿಯನ್ನು ನೋಯಿಸಿಕೊಂಡನು. ಒಂದೇ ಪಂದ್ಯ ಬಿಟ್ಟು ಮತ್ತೆ ಇಳಿದ ಆತನು, 2013ರ ಜನವರಿ 6ರಂದು ಸಿಯಾಟಲ್ ತಂಡದೆದುರಿನ ನಿರ್ಣಾಯಕ ಪಂದ್ಯದಲ್ಲಿ ಎಲ್ಲರ ಕಣ್ಣೆದುರಿಗೇ ಕುಂಟುತ್ತ ಆಡಿದನು. ಕೊನೆಯ ಘಟ್ಟದಲ್ಲಿ ಆ ಮಂಡಿ ಮಡಿಸಿಕೊಂಡು ಕುಸಿಯಿತು. ಮೊದಲು 14–0 ಮುಂದಿದ್ದ ಆತನ ತಂಡವು 24–14ರಿಂದ ಸೋತಿತು. ಶಸ್ತ್ರಚಿಕಿತ್ಸೆಯ ಅನಂತರವೂ ಆ ಮೊದಲ ವರ್ಷದ ಮಿಂಚಿನ ಓಟ ಮರಳಲಿಲ್ಲ. ಒಬ್ಬನೇ ಮನುಷ್ಯ, ಅದೇ ಮಂಡಿ. ಕಾದಾಗ ಬಾಳಿತು, ಕಾಯದಿದ್ದಾಗ ಬಾಡಿತು.

ಹಾಗಾದರೆ ತರುಣನು ಏಕೆ ಕಾಯುವುದಿಲ್ಲ? ಅವಿವೇಕವೆಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯವಾದೀತು. ತುಮಕೂರು ರಸ್ತೆಯ ಆಸುಪಾಸಿನ ಬಡ ಮನೆಯಿಂದ ಬಂದ ಹುಡುಗನಿಗೆ ಕ್ರೀಡಾ ಕೋಟಾದ ಸೀಟು, ಮುಂದೆ ರೈಲ್ವೆಯಲ್ಲಿಯೋ ಪೊಲೀಸ್ ಇಲಾಖೆಯಲ್ಲಿಯೋ ಸಿಗಬಹುದಾದ ನೌಕರಿ, ಇವೆಲ್ಲ ಆಯ್ಕೆಯ ದಿನದಂದು ಅಂಕಣದಲ್ಲಿ ಕಾಣಿಸಿಕೊಳ್ಳುವುದನ್ನೇ ಅವಲಂಬಿಸಿವೆ. ಒಮ್ಮೆ ಬೆಂಚಿನ ಮೇಲೆ ಕುಳಿತರೆ ಆ ಸ್ಥಾನ ಇನ್ನೊಬ್ಬನ ಪಾಲಾದೀತೆಂಬ ಭಯವು ಸುಳ್ಳಲ್ಲ. ಅದಕ್ಕೆ ತಂಡದ ಮೇಲಿನ ಪ್ರೀತಿಯೂ ಸೇರಿದಾಗ ಆತನು ಗಾಯವನ್ನು ಮುಚ್ಚಿಡುತ್ತಾನೆ. ಮಹಾಭಾರತದ ಕರ್ಣನು ಮಾಡಿದುದೂ ಇದನ್ನೇ ಅಲ್ಲವೆ? ತೊಡೆಯ ಮೇಲೆ ತಲೆಯಿರಿಸಿ ಮಲಗಿದ ಪರಶುರಾಮರ ನಿದ್ರೆ ಕೆಡಬಾರದೆಂದು, ಕೀಟವು ತೊಡೆಯನ್ನು ಕೊರೆಯುತ್ತಿದ್ದರೂ ಅಲುಗದೆ ಕುಳಿತ ಆ ಶಿಷ್ಯನ ಸಹನೆಗೆ ದೊರೆತುದು ಆಶೀರ್ವಾದವಲ್ಲ, ಅಗತ್ಯದ ಗಳಿಗೆಯಲ್ಲಿ ಕಲಿತ ವಿದ್ಯೆ ಕೈಕೊಡಲೆಂಬ ಶಾಪ. ಗುಟ್ಟಾಗಿ ತಾಳಿದ ನೋವು, ಎಷ್ಟೇ ಉದಾತ್ತವಾಗಿರಲಿ, ಹಾಗೆಯೇ ಅಗತ್ಯದ ಗಳಿಗೆಯಲ್ಲಿ ಕೈಕೊಡುತ್ತದೆ. ಮಂಡಿಯ ನೋವನ್ನು ಮರೆಮಾಚಿದ ರೈಡರನು ತಿರುವಿನಲ್ಲಿ ಅರೆಹೆಜ್ಜೆ ತಡವಾಗಿ ಸಿಕ್ಕಿಬಿದ್ದಾಗ, ತಾನು ಯಾರಿಗಾಗಿ ನೋವುಂಡನೋ ಆ ತಂಡಕ್ಕೇ ಅಂಕವೂ ನಷ್ಟ, ಆಳೂ ನಷ್ಟ.

ಗಾಯವನ್ನು ಮುಚ್ಚಿಟ್ಟು ಆಡುವುದು, ಆಟವನ್ನು ಬಿಟ್ಟು ಕಾಯುವುದು, ಇವೆರಡರ ನಡುವೆ ಕಷ್ಟಸಾಧ್ಯವಾದ ಮಧ್ಯಮ ಮಾರ್ಗವೊಂದಿದೆ. 2017ರ ಆಸ್ಟ್ರೇಲಿಯಾ ಸರಣಿಯಲ್ಲಿ ಕೆ.ಎಲ್. ರಾಹುಲ್ ಅವರು ಭುಜದ ಗಾಯವನ್ನು ಹೊತ್ತುಕೊಂಡೇ, ಕೆಲವು ಹೊಡೆತಗಳನ್ನು ತ್ಯಜಿಸಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 90 ಮತ್ತು 51 ರನ್ ಗಳಿಸಿದರು. ಸರಣಿ ಮುಗಿದೊಡನೆ ಶಸ್ತ್ರಚಿಕಿತ್ಸೆಗೆ ತೆರಳಿ ಆ ವರ್ಷದ ಐಪಿಎಲ್ ಅನ್ನು ಬಿಟ್ಟುಕೊಟ್ಟರು. ಅಲ್ಲಿ ಗಾಯ ಗುಟ್ಟಾಗಿರಲಿಲ್ಲ. ವೈದ್ಯರಿಗೂ ತಂಡಕ್ಕೂ ಅದರ ಅರಿವಿತ್ತು. 2010ರಲ್ಲಿ ಢಾಕಾದಲ್ಲಿ ಚೆಂಡು ಬಡಿದು ದವಡೆಗೆ ಪೆಟ್ಟಾದಾಗ ರಾಹುಲ್ ದ್ರಾವಿಡ್ ಅವರು 111 ರನ್ನಿಗೆ ಆಟ ನಿಲ್ಲಿಸಿ ಹೊರನಡೆದರು. ಅವರನ್ನು ಹೇಡಿಯೆಂದವರು ಯಾರೂ ಇಲ್ಲ. ಆಡಿದವನೂ ಧೀರ, ಹೊರನಡೆದವನೂ ಧೀರ. ತನ್ನ ದೇಹದ ಮಾತನ್ನು ಕೇಳಿಸಿಕೊಂಡು ನಿರ್ಧರಿಸಿದುದೇ ಈರ್ವರ ಧೈರ್ಯದ ಸಮಾನ ಲಕ್ಷಣ.

ಗಾದೆಯ ಎರಡನೆಯ ಪದವನ್ನು ಈಗ ನೋಡಬೇಕು. ತಾಳಿದವನು ಗೆಲ್ಲುವನೆಂದು ಹಿರಿಯರು ಹೇಳಲಿಲ್ಲ, ಬಾಳುವನೆಂದರು. ಗೆಲುವು ಒಂದು ಸಂಜೆಯದು. ಬಾಳು ಆ ಸಂಜೆಯ ಆಚೆಗೂ ಮೆಟ್ಟಿಲು ಹತ್ತಬೇಕು, ಹೊರೆ ಹೊರಬೇಕು, ಮಗುವನ್ನೆತ್ತಿ ಆಡಿಸಬೇಕು. ಯಾವ ತಾಳ್ಮೆ ಬಾಳನ್ನೇ ಕೊರೆದು ತಿನ್ನುವುದೋ ಅದು ಈ ಗಾದೆ ಕೊಂಡಾಡುವ ತಾಳ್ಮೆಯಲ್ಲ. ಕುಂಬ್ಳೆಯವರು 2008ರಲ್ಲಿ ದೆಹಲಿಯ ಕೋಟ್ಲಾದಲ್ಲಿ ತಂಡದ ನಾಯಕರಾಗಿದ್ದಾಗ ಎಡಗೈಯ ಕಿರುಬೆರಳು ಸೀಳಿ ಹನ್ನೊಂದು ಹೊಲಿಗೆ ಬಿದ್ದವು. ಆ ಬೆರಳಿನೊಡನೆಯೇ ಮರಳಿ ಬಂದು ಬೌಲಿಂಗ್ ಮಾಡಿದರು. ಮುಂದಿನ ಪಂದ್ಯದೊಳಗೆ ಅದು ವಾಸಿಯಾಗದೆಂದು ತಿಳಿದಾಗ, ನವೆಂಬರ್ 2ರಂದು ನಿವೃತ್ತಿಯನ್ನು ಘೋಷಿಸಿದರು. ಸಹಿಸಬೇಕಾದಲ್ಲಿ ಸಹಿಸಿ, ಕಾಯಬೇಕಾದಲ್ಲಿ ಕಾದು, ಬಿಡಬೇಕಾದ ದಿನ ಬಿಟ್ಟವರು ಅವರು.

ಇಷ್ಟು ವಿವೇಕವನ್ನು ಇಪ್ಪತ್ತರ ಹುಡುಗನೊಬ್ಬನಿಂದಲೇ ಅಪೇಕ್ಷಿಸುವುದು ತರವಲ್ಲ. ಅವನಿಗೆ ಸಹಿಸುವ ಶಕ್ತಿ ಸ್ವಭಾವದಿಂದಲೇ ಬಂದಿದೆ. ಕಾಯುವ ಶಕ್ತಿಯನ್ನು ಹಿರಿಯರೇ ಕಡ ಕೊಡಬೇಕು. ಮಾಕಳಿಯ ಅಂಕಣದಲ್ಲಾಗಲಿ, ಕಾಲೇಜಿನ ಮೈದಾನದಲ್ಲಾಗಲಿ, ನಾಯಕನೂ ತರಬೇತುದಾರನೂ ತಂದೆತಾಯಿಗಳೂ ಅವನಿಗೆ ಹೇಳಬೇಕಾದುದು ಇಷ್ಟು: “ಕೂತ್ಕೋ ಮಗಾ, ಈ ಮ್ಯಾಚು ನಾವು ನೋಡ್ಕೋತೀವಿ. ವಾಸಿಯಾಗಿ ಬಾ, ನಿನ್ನ ಜಾಗ ಎಲ್ಲಿಗೂ ಹೋಗಲ್ಲ.” ಹಾಗೆ ಹೇಳಿದ ಬಳಿಕ ಆ ಜಾಗವನ್ನು ನಿಜವಾಗಿಯೂ ಕಾದಿರಿಸಬೇಕು. ಕಿರಿಯರಿಗೆ ತಾಳೆಂದು ಬೋಧಿಸುವ ಸಮಾಜವು ಅವರಿಗಾಗಿ ತಾನೂ ತಾಳಬೇಕು. ಒಂದು ಕಪ್ಪಿಗಾಗಿ ಒಂದು ಕಾಲನ್ನು ಬಲಿಗೊಡದೆ, ಒಂದು ಸೋಲನ್ನು ತಾನು ಸಹಿಸಿಕೊಳ್ಳಬೇಕು.