ಕಂಡ ಮೇಲೆ

ನಮ್ಮವ್ವ ಹೆಬ್ಬೆಟ್ಟಿನವಳು. ಯಾವ ಕಾಗದಕ್ಕೂ ಒತ್ತುವ ಮುಂಚೆ 'ಏನ್ ಬರ್ದವ್ರೆ, ಓದ್ ಹೇಳ್ ಮಗ' ಅಂತಾಳೆ. ಹೇಳಿದರೆ ಅವಳಿಗೆ ಎಲ್ಲ ತಿಳಿಯುತ್ತೆ.

ಗರ್ಭಕೊರಳಿನಿಂದ ಕೆರೆದು ತೆಗೆದ ಜೀವಕೋಶಗಳಲ್ಲಿ ಬದಲಾವಣೆ ಕಂಡರೆ ಅದೆಲ್ಲ ಕ್ಯಾನ್ಸರ್ ಅಲ್ಲ. ಕೆಲವು ತಾವಾಗೇ ವಾಸಿಯಾಗುತ್ತವೆ. ಕೆಲವು ವರ್ಷಗಟ್ಟಲೆ ಒಳಗೇ ಇದ್ದು ಕ್ಯಾನ್ಸರ್ ಆಗುತ್ತವೆ. ಅದಕ್ಕೇ ಡಾಕ್ಟರು ಕಾಲ್ಪೊಸ್ಕೋಪಿನಲ್ಲಿ ದೊಡ್ಡದು ಮಾಡಿ ನೋಡಿ, ಚೂರು ತೆಗೆದು ಪರೀಕ್ಷಿಸಿ, ಕೆಟ್ಟ ಜಾಗವನ್ನು ಹೆಪ್ಪುಗಟ್ಟಿಸಿ ಕೊಲ್ಲುತ್ತಾರೆ, ಇಲ್ಲವೇ ಕತ್ತರಿಸಿ ತೆಗೆಯುತ್ತಾರೆ. ಹೆಂಗಸು ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು.

ಆದರೆ 1976ರಿಂದ 1988ರವರೆಗೆ ದೆಹಲಿಯಲ್ಲಿ ಸರ್ಕಾರಿ ಸಂಶೋಧಕರು ಇಂಥ ಬದಲಾವಣೆ ಕಂಡಿದ್ದ 1,158 ಹೆಂಗಸರಿಗೆ ಚಿಕಿತ್ಸೆ ಕೊಡದೆ ನೋಡುತ್ತ ಕೂತರು. ಯಾವುದು ವಾಸಿಯಾಗುತ್ತೆ, ಯಾವುದು ಕ್ಯಾನ್ಸರ್ ಆಗುತ್ತೆ ಅಂತ ತಿಳಿಯಬೇಕಿತ್ತಂತೆ. 71 ಮಂದಿಗೆ ಕ್ಯಾನ್ಸರ್ ತಲೆದೋರಿತು. 1997ರಲ್ಲಿ ಸುದ್ದಿ ಹೊರಬಿತ್ತು. ಬರವಣಿಗೆಯ ಒಪ್ಪಿಗೆ ಎಲ್ಲಿ ಅಂದರೆ, ಬಹಳ ಜನಕ್ಕೆ ಓದು ಬರದು, ಬಾಯಲ್ಲೇ ಒಪ್ಪಿಗೆ ಪಡೆದೆವು ಎಂಬ ಉತ್ತರ.

ಓದು ಬರದವಳಿಗೆ ಬದುಕುವ ಆಸೆ ಇರಲ್ಲವೇ? ಜ್ಞಾನ ಬೇಕು, ಬೇಡ ಅನ್ನಲಾರೆ. ನಾನೂ ಅದಕ್ಕೆ ಹಸಿದೇ ಕಾಲೇಜು ಮೆಟ್ಟಿಲು ಹತ್ತಿದವನು. ಆದರೆ ಅವಳ ಮೈಯಲ್ಲಿ ಕಂಡದ್ದನ್ನು ತನ್ನ ಪುಸ್ತಕಕ್ಕೆ ಮಾತ್ರ ಬರೆದುಕೊಂಡ ಜ್ಞಾನ, ನಮ್ಮನ್ನು ಆಚೆ ನಿಲ್ಲಿಸಿ ಓದಿದ ಶಾಸ್ತ್ರದ ತಮ್ಮನೇ ಸರಿ. ಕಾಣದಿದ್ದವನನ್ನು ಕ್ಷಮಿಸಬಹುದು. ಕಂಡವನಿಗೆ ಹೊಣೆ ಉಂಟು.

ಮೇಷ್ಟ್ರೇ, ಗೆಳೆಯರೇ, ನಿಮ್ಮೂರಲ್ಲಿ ತಪಾಸಣೆ ಶಿಬಿರ ನಡೆದರೆ ಎಷ್ಟು ಜನರನ್ನು ನೋಡಿದಿರಿ ಅಂತ ಕೇಳಿ ಸುಮ್ಮನಾಗಬೇಡಿ. ಕಂಡದ್ದನ್ನು ಅವಳಿಗೆ ತಿಳಿಯುವ ಮಾತಲ್ಲಿ ಹೇಳಿದಿರಾ, ಚಿಕಿತ್ಸೆ ಮುಗಿಯುವ ತನಕ ಜೊತೆಗಿದ್ದಿರಾ ಅಂತ ಕೇಳಿ.