ಎರವಲು ಸರ

ಊರಿನ ಹೆಸರು ನೋಡಿ ಕಾಲೇಜು ಆರಿಸುವುದು ಹೊಸದೇನಲ್ಲ. ಬಿ.ಎಡ್.ಗೆ ಮೈಸೂರೇ ಬೇಕೆಂದು ನಾನು ಹಠ ಹಿಡಿದದ್ದರಲ್ಲಿ ದಸರೆಯ ಪಾಲೂ ಇತ್ತು. ಹಾಗಾಗಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, "ಮಿಸ್, ಇವನಿಗೆ ಓದೋಕೆ ಮ್ಯಾಂಚೆಸ್ಟರೇ ಆಗಬೇಕಂತೆ. ಅಲ್ಲಿ ಫುಟ್‌ಬಾಲ್ ಟೀಮ್ ಇದೆಯಂತಲ್ಲ" ಎಂದಾಗ ನನಗೆ ನಗು ಬರಲಿಲ್ಲ. ಗುರುತಿಲ್ಲದ ದೇಶಕ್ಕೆ ಹೊರಟ ಹುಡುಗನಿಗೆ ಗುರುತಿರುವ ಒಂದು ಹೆಸರು ಆಸರೆಯೇ.

ಯೋಚನೆಗೆ ಹಚ್ಚಿದ್ದು ಏಜೆಂಟರು ಕೊಟ್ಟಿದ್ದ ಪುಸ್ತಿಕೆ. ಪುಟ ತುಂಬ ಮೈದಾನ, ಕೆಂಪು ಅಂಗಿಗಳು; ಪಾಠದ ವಿಷಯ ಮೂಲೆಯಲ್ಲಿ ನಾಲ್ಕು ಸಾಲು. ಹಿಂದೆ ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯ ಸರ ತಂದು ಹುಡುಗಿಗೆ ಹಾಕುತ್ತಿದ್ದರಲ್ಲ, ಅದು ನೆನಪಾಯಿತು. ನಮ್ಮದೇ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೋಡಿದವರು ಹಾಗೆಂದುಕೊಂಡರೆ ಅದು ಸುಳ್ಳೇ?

ಈ ಸರವಂತೂ ನಿಜಕ್ಕೂ ಪಕ್ಕದ ಮನೆಯದು. ಯುನೈಟೆಡ್ ತಂಡದ ಮೈದಾನ ಇರುವುದು ಮ್ಯಾಂಚೆಸ್ಟರ್ ನಗರದ ಗಡಿಯಾಚೆ, ಟ್ರಾಫರ್ಡ್‌ನಲ್ಲಿ. 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ಆ ತಂಡವನ್ನು 2005ರಲ್ಲಿ ಅಮೆರಿಕದ ಕುಟುಂಬವೊಂದು ಕೊಂಡಿತು. ಇನ್ನೊಂದು ತಂಡ, ಸಿಟಿ, 2008ರಲ್ಲಿ ಅಬುಧಾಬಿಯ ರಾಜಮನೆತನದವರ ಕೈಸೇರಿತು.

ಆದರೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪೆಟ್ಟಿಗೆಯಲ್ಲಿ ಸ್ವಂತ ಚಿನ್ನಕ್ಕೇನು ಬರವೇ? ಕ್ರಮವಿಧಿಯನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡು ನಡೆದ ಮೊದಲ ಕಂಪ್ಯೂಟರು 1948ರಲ್ಲಿ ಓಡಿದ್ದು ಅಲ್ಲಿ. ಗ್ರಾಫೀನ್ ಬೇರ್ಪಡಿಸಿದ್ದಕ್ಕೆ 2010ರ ನೊಬೆಲ್ ಬಂದದ್ದು ಅಲ್ಲಿಯ ಇಬ್ಬರಿಗೆ. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ 1906ರಲ್ಲಿ ಕಾನೂನು ಪದವಿ ಪಡೆದದ್ದೂ ಅಲ್ಲೇ; ಹೆಣ್ಣೆಂಬ ಕಾರಣಕ್ಕೆ ಅವಳಿಗೆ ವಕೀಲಿಕೆ ಮಾತ್ರ ದಕ್ಕಲಿಲ್ಲ. ಇದೊಂದೂ ಆ ಪುಸ್ತಿಕೆಯಲ್ಲಿರಲಿಲ್ಲ.

ಎರವಲು ಸರ ಹಾಕಿದ್ದೇ ತಪ್ಪೆಂದು ನಾನು ಹೇಳಲಾರೆ. ಬಡವರ ಮನೆಯಲ್ಲಿ ಅದು ಮಾನದ ಪ್ರಶ್ನೆಯಾಗಿತ್ತು. ಇಲ್ಲಿ ಹಾಕುವವರು ಬಡವರಲ್ಲ, ನೋಡಲು ಬಂದವರು ಮನೆಪತ್ರ ಬ್ಯಾಂಕಿನಲ್ಲಿಡಲು ಹೊರಟವರು. ಇಂಗ್ಲೆಂಡಿನ ಮಕ್ಕಳ ಪದವಿ ಶುಲ್ಕಕ್ಕೆ ಅಲ್ಲಿಯ ಸರ್ಕಾರದ ಮಿತಿಯಿದೆ, 2025-26ರಲ್ಲಿ ಅದು 9,535 ಪೌಂಡು. ನಮ್ಮ ಮಕ್ಕಳಿಗೆ ಅಂಥ ಮಿತಿಯಿಲ್ಲ, ವಿಶ್ವವಿದ್ಯಾಲಯ ಹೇಳಿದ್ದೇ ಲೆಕ್ಕ. ದುಡಿದು ತುಂಬೋಣವೆಂದರೆ, ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡಲು ವೀಸಾ ಬಿಡುವುದಿಲ್ಲ. ಹುಡುಗ ಇದನ್ನೆಲ್ಲ ತಾನೇ ಕೇಳಿಕೊಳ್ಳಬೇಕಿತ್ತು ಎನ್ನುವವರಿದ್ದಾರೆ. ಹದಿನೆಂಟರ ಹುಡುಗ ಏನು ಕೇಳುತ್ತಾನೆ? ಕರೆದವರೇ ಹೇಳಬೇಕು.

ಮೈದಾನದ ಚಿತ್ರ ಇರಲಿ, ಬೇಡವೆನ್ನುವುದಿಲ್ಲ. ಮೂರು ವರ್ಷದ ಶುಲ್ಕ, ಕೋಣೆಯ ಬಾಡಿಗೆ, ಮ್ಯಾಚಿನ ಟಿಕೆಟ್ಟಿನ ದರ, ಇವಿಷ್ಟನ್ನೂ ಆ ಚಿತ್ರದ ಕೆಳಗೇ ದಪ್ಪ ಅಕ್ಷರದಲ್ಲಿ ಹಾಕಲಿ.