ಅರವತ್ತು ದಿನದ ನೋಟಿಸು

ಹೊಸಕೋಟೆ ಅಂದ್ರೆ ನಮ್ಮ ಆಫೀಸಿನವರಿಗೆ ಬೆಳಗಿನ ಜಾವದ ಬಿರಿಯಾನಿ. ಈಗ ಅದರ ಜೊತೆ ಇನ್ನೊಂದು ಸೇರಿದೆ, ಅಲ್ಲಿಂದ ಶುರುವಾಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ. ಮಾಲೂರು, ಬಂಗಾರಪೇಟೆ ದಾಟಿ ಬೇತಮಂಗಲದ ತನಕ ಸುಮಾರು 71 ಕಿಲೋಮೀಟರ್ ನುಣ್ಣನೆ ರಸ್ತೆ. 2024ರ ಡಿಸೆಂಬರ್‌ನಲ್ಲಿ ಹಾರ, ಭಾಷಣ ಏನೂ ಇಲ್ಲದೆ ಗಾಡಿಗಳಿಗೆ ತೆರೆದುಕೊಂಡಿತು. ಆಮೇಲೆ? ಕೆಳಗಿಳಿದು ಹಳೇ ರಸ್ತೆ ಹಿಡೀಬೇಕು. ಶ್ರೀಪೆರುಂಬುದೂರಿನವರೆಗೆ ಒಟ್ಟು 262 ಕಿಲೋಮೀಟರ್ ಆಗಬೇಕಾದದ್ದು. 2022ರ ಮೇ ತಿಂಗಳಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ರು, 2024ಕ್ಕೆ ಮುಗಿಯುತ್ತೆ ಅಂದ್ರು. ಆಮೇಲೆ 2025 ಅಂದ್ರು. ನಮ್ಮ ಕಡೆಯ ಸ್ಯಾಟಲೈಟ್ ರಿಂಗ್ ರಸ್ತೆಯದೂ ಹೀಗೇ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಬಂತು, ಆದರೆ ಹೆಸರಲ್ಲಿರುವ ಸುತ್ತು ಪೂರ್ತಿಯಾಗಿಲ್ಲ.

"ಅರ್ಧ ಆದ್ರೂ ಇದೆಯಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ" ಅಂತ ಸ್ನೇಹಿತನೊಬ್ಬ ಅಂದ. ಕಾರಿನೊಳಗೆ ಕೂತವರ ಮಟ್ಟಿಗೆ ಅದು ಸರಿಯೇ. ರಸ್ತೆ ನಮಗೆ ಕಂತಿನಲ್ಲಿ ಬರುತ್ತೆ. ಆದರೆ ಅದಕ್ಕೆ ಜಮೀನು ಕೊಟ್ಟವರು ಕಂತಿನಲ್ಲಿ ಕೊಡಲಿಲ್ಲ.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಒಮ್ಮೆ ಓದಿ ನೋಡಿ. 3ಡಿ ಘೋಷಣೆ ಗೆಜೆಟ್‌ನಲ್ಲಿ ಬಂದ ಕೂಡಲೇ ಜಮೀನು ಕೇಂದ್ರ ಸರ್ಕಾರದ್ದಾಗುತ್ತೆ. ಪರಿಹಾರದ ಹಣ ಠೇವಣಿಯಾದ ಮೇಲೆ ಒಂದು ನೋಟಿಸು ಬರುತ್ತೆ, 60 ದಿನದೊಳಗೆ ಬಿಟ್ಟುಕೊಡಿ ಅಂತ. ಬಿಡದಿದ್ದರೆ ಜಿಲ್ಲಾಡಳಿತವೇ ಬಿಡಿಸುತ್ತೆ. ರಾಗಿ ಇನ್ನೂ ಕಟಾವಿಗೆ ಬಂದಿಲ್ಲ, ಮುಂದಿನ ವರ್ಷ ನೋಡೋಣ ಅನ್ನೋ ಹಾಗಿಲ್ಲ.

ದುಡ್ಡು ಕೊಟ್ಟಾಯ್ತಲ್ಲ, ಲೆಕ್ಕ ಚುಕ್ತಾ ಅನ್ನಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಸೈಟು ಮಾರಿದವನಿಗೆ ಕೊಂಡವನು ಮನೆ ಕಟ್ಟಿದನೋ ಬಿಟ್ಟನೋ ಬೇಕಿಲ್ಲ, ಯಾಕಂದ್ರೆ ಮಾರಲ್ಲ ಅನ್ನುವ ಹಕ್ಕು ಅವನಿಗಿತ್ತು. ಇಲ್ಲಿ ಆ ಹಕ್ಕಿರಲಿಲ್ಲ. ಒಪ್ಪಿಗೆಯ ಜಾಗದಲ್ಲಿ ಸರ್ಕಾರ ಇಟ್ಟದ್ದು 'ಸಾರ್ವಜನಿಕ ಉದ್ದೇಶ' ಅನ್ನೋ ಎರಡು ಪದ. ಹಾಗಾದರೆ ಆ ಉದ್ದೇಶ ಈಡೇರೋದೂ ಬೆಲೆಯ ಒಂದು ಭಾಗ. ಅದು ಇನ್ನೂ ಬಾಕಿ ಇದೆ.

ತಮಾಷೆಯೆಂದರೆ, ನಾಳೆ ರಸ್ತೆ ಪೂರ್ತಿಯಾದರೂ ಆ ರೈತನ ಟ್ರ್ಯಾಕ್ಟರ್‌ಗೆ, ಮಗನ ಬೈಕಿಗೆ ಅಲ್ಲಿ ಪ್ರವೇಶವಿಲ್ಲ. ತನ್ನದೇ ಹೊಲದ ಆಚೆ ಬದಿಗೆ ಹೋಗಲು ಅಂಡರ್‌ಪಾಸ್ ಹುಡುಕಬೇಕು. ಅಂದರೆ ಅವನು ಕೊಟ್ಟದ್ದು ನಮ್ಮ ಎರಡು ಮೂರು ಗಂಟೆ ಉಳಿಸೋದಕ್ಕೆ. ಅವನ ಊರಿಗೆ ಬರುವ ರಸ್ತೆಯಲ್ಲ ಅದು.

ತಡವಾಗೋದು ಪಾಪ ಅಂತ ನಾನು ಹೇಳ್ತಿಲ್ಲ. ಮಣ್ಣು ಸಿಗಲ್ಲ, ಅನುಮತಿ ಬರಲ್ಲ, ಗುತ್ತಿಗೆದಾರ ಕೈ ಕೊಡ್ತಾನೆ. ಆದರೆ ನಮ್ಮ ಪ್ರಾಜೆಕ್ಟಿನ ಡೆಡ್‌ಲೈನ್ ಜಾರಿದ್ರೆ ಕ್ಲೈಂಟಿಗೆ ಮೇಲ್ ಹಾಕ್ತೀವಿ, ಕಾರಣ ಬರೀತೀವಿ, ಬೈಸ್ಕೋತೀವಿ. ಇಲ್ಲಿ ಹೊಸ ತಾರೀಖು ಟೀವಿಯಲ್ಲಿ ಬರುತ್ತೆ. ಜಮೀನು ಕೊಟ್ಟವನಿಗೆ ತಿಳಿಸಬೇಕೆಂದು ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ತೆಗೆದುಕೊಳ್ಳುವಾಗ ಊರು, ಸರ್ವೆ ನಂಬರು, ವಿಸ್ತೀರ್ಣ ಎಲ್ಲ ಸಾಲಾಗಿ ಗೆಜೆಟ್‌ನಲ್ಲಿ ಅಚ್ಚಾಗಿತ್ತು. ಗಡುವು ಮುಂದೂಡಿದ್ದನ್ನೂ ಅದೇ ಸರ್ವೆ ನಂಬರುಗಳ ಎದುರು, ಕಾರಣ ಸಮೇತ ಅಚ್ಚು ಹಾಕಲಿ.